ಎದುರು ಬಂದವನಿಗೆ ಲೈಟು ಹಾಕಿದ್ದು

ರಾಜೇಂದ್ರಣ್ಣಾ,

ನೀವು ಹೋಗಿ ಇವತ್ತಿಗೆ ಒಂದು ವರ್ಷ. ಠಾಣೆಯ ಅಂಗಳದಲ್ಲಿ ನಿಮ್ಮ ಫೋಟೋಕ್ಕೆ ಹೂ ಹಾಕಿದರು. ಮರಳು ಲಾರಿ ನಿಮ್ಮ ಮೇಲೆ ಹರಿದ ದಿನ ನಿಮ್ಮನ್ನು ರಿಕ್ಷಾಕ್ಕೆ ಎತ್ತಿ ಹಾಕಿದವನೆಂದು ನನಗೂ ಶಾಲು ಹೊದಿಸಿದರು. "ಶಾಲೆ ಬಿಟ್ಟವ್ನೇ, ತಲೆ ಒಂದೇ ಇಪ್ದ್, ಹೆಲ್ಮೆಟ್ ಹಾಕ್" ಎಂದು ಬೈಯುತ್ತಿದ್ದ ನೀವು ಕಂಡಿದ್ದರೆ ನಗುತ್ತಿದ್ದಿರಿ.

ಸುಗುಣಕ್ಕ ನನ್ನ ಕೈ ಹಿಡಿದು, "ಕಡೀಗೆ ಅವ್ರ ಹತ್ರ ಇದ್ದವ ನೀನೇ ಅಲ್ದಾ ಮಗಾ? ಹೆಂಡ್ತಿಗೆ ಹೇಳು ಅಂತ ಎಂತಾರೂ ಹೇಳಿದ್ರಾ?" ಎಂದರು. "ಇಲ್ಲ ಅಕ್ಕ" ಎಂದೆ. ಅದು ಸುಳ್ಳಲ್ಲ.

ಆದರೆ ಆ ದಿನ, ನಿಮ್ಮ ಮೇಲೆ ಹರಿಯುವ ಸ್ವಲ್ಪ ಮೊದಲು, ಬಸ್ರೂರು ರಸ್ತೆಯಲ್ಲಿ ಆ ಲಾರಿ ಎದುರಾದಾಗ ಬೈಕಿನ ಲೈಟು ಮಿನುಗಿಸಿ, ಮುಂದೆ ನೀವು ತಪಾಸಣೆಗೆ ನಿಂತಿದ್ದೀರೆಂದು ತಿಳಿಸಿದವನೂ ನಾನೇ. ಪೊಲೀಸರನ್ನು ಕಂಡರೆ ಎದುರು ಬರುವವರಿಗೆ ಹಾಗೆ ಲೈಟು ಹಾಕುವುದು ನಮ್ಮಲ್ಲಿ ರೂಢಿ. ಅವನು ಹಿಂದೆ ತಿರುಗುತ್ತಾನೆ ಅಂದುಕೊಂಡೆ. ಅವನು ಸ್ಪೀಡು ಜೋರು ಮಾಡಿದ. ಸದ್ದು ಕೇಳಿ ನಾನು ತಿರುಗಿ ಬಂದೆ.

ಅದನ್ನು ಅಕ್ಕ ಕೇಳಲಿಲ್ಲ.

ಮನೆಗೆ ಹೋಗುವಾಗ ಎದುರಿನ ಬೈಕಿನವನೊಬ್ಬ ನನಗೂ ಲೈಟು ಹಾಕಿದ. ಮುಂದೆ ಹೋಗಲಾಗಲಿಲ್ಲ, ಬೈಕು ತಿರುಗಿಸಿದೆ. ಈಗ ನಿಮ್ಮ ಮನೆಯ ಗೇಟಿನ ಎದುರು ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಕ ಠಾಣೆಯಿಂದ ಇನ್ನೂ ಬಂದಿಲ್ಲ. ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದೇನೆ.