ಬ್ಯಾಟರಿ ಪೆಟ್ಟಿಗೆಯ ದಂಟು

12-6-2002, ಸಂಜೆ

ಅಕ್ಷರ ಸೊಟ್ಟ, ಒತ್ತು ದೀರ್ಘ ತಪ್ಪು. ಯಾರೂ ಓದೋದಿಲ್ಲ, ಆದ್ರೂ ಕ್ಷಮಿಸಬೇಕು. ಆಸಿಡ್ ತಗುಲಿ ಬೆರಳು ಉರೀತವೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ತಂಗಿ ಅಂಜಲಿ ಈಗ ಮೂರನೇ ಕ್ಲಾಸು. "ಇನ್ನೆರಡು ವರ್ಷ ತಡಿಯೇ ಹೇಮಕ್ಕ, ನಿನ್ನ ದಾಟ್ತೀನಿ" ಅಂತಾಳೆ.

ದುರ್ಗದಿಂದ ಫ್ಯಾಕ್ಟರಿ ಲಾರಿ ಬಂತು, ಹಳೇ ಬ್ಯಾಟರಿ ತುಂಬ್ಕೊಂಡು. ಅಪ್ಪ ಒಡೆದ. ಅವ್ವ ಸೀಸ ಕಾಯಿಸಿದಳು. ನಾನು ಪೆಟ್ಟಿಗೆ ತೊಳೆದೆ. ಸೀಸದ ಗಟ್ಟಿ, ಒಳ್ಳೇ ಪೆಟ್ಟಿಗೆ ವಾಪಸ್ ಫ್ಯಾಕ್ಟರಿಗೆ — ಅಲ್ಲಿ ಹೊಸ ಬ್ಯಾಟರಿ ಆಗ್ತವೆ. ಫ್ಯಾಕ್ಟರಿಯ ಲಕ್ಷ್ಮೀಕಾಂತ್ ಸರ್ ಅಪ್ಪನಿಗೆ, "ಮೂರ್ತಪ್ಪ, ನೀವಿದ್ರೆ ನಮ್ಮಲ್ಲಿ ಏನೂ ವೇಸ್ಟ್ ಆಗಲ್ಲ ನೋಡ್ರಿ" ಅಂದ್ರು. ಅಪ್ಪಂದು ಊಟದಲ್ಲೂ ಅದೇ ಮಾತು.

ಸೀಳಿದ ಪೆಟ್ಟಿಗೆ ಅವರಿಗೆ ಬೇಡ. ಅವ್ವ ಮಣ್ಣು ತುಂಬಿ ದಂಟು ಹಾಕ್ತಾಳೆ. ಗೋಡೆ ಉದ್ದಕ್ಕೂ ಹಸಿರು.

30-6

ಅಂಜಲಿಗೆ ಹೊಟ್ಟೆನೋವು. ಮುಖ ಬಿಳಚಿದೆ. ಮಗ್ಗಿ ಹೇಳ್ತಾ ನಡುವೆ ನಿಲ್ತಾಳೆ... "ರಕ್ತ ಇಲ್ಲ ಮಗೀಗೆ" ಅಂತ ಅವ್ವ ದಿನಾ ದಂಟಿನ ಸಾರು ಉಣ್ಣಿಸ್ತಾಳೆ.

17-7

ದುರ್ಗದ ಡಾಕ್ಟರು ಅಂಜಲಿ ತುಟಿ ಎತ್ತಿ ನೋಡಿದ್ರು. ವಸಡಿಗೆ ನೀಲಿ ಗೆರೆ. "ಮನೇಲಿ ಸೀಸ ಕಾಯಿಸ್ತೀರಾ?" ಅಪ್ಪ ಹೂಂ ಅಂದ. "ಸೀಸ ಮೈಗೆ ಸೇರೈತೆ. ಮಗೂನ ಅದರಿಂದ ದೂರ ಇಡ್ರಿ. ತಲೆಗೆ ಹೋದ್ರೆ ಕಷ್ಟ."

ಹೊಗೆಯಿಂದ ಮಾತ್ರಾನಾ ಅಂತ ಕೇಳ್ಬೇಕು ಅನ್ಸಿತ್ತು. ಬಾಯಿ ಬರ್ಲಿಲ್ಲ.

19-7

ಅಂಜಲೀನ ಹಿರಿಯೂರಿಗೆ ಬಿಟ್ಟು ಬಂದ್ವಿ, ಬೋರಕ್ಕತ್ತೆ ಮನೇಲಿ. ಅಲ್ಲಿ ಹೊಗೆ ಇಲ್ಲ. ಅವ್ವ ಎರಡು ಪೆಟ್ಟಿಗೆ ದಂಟು ಬಸ್ಸಿಗೆ ಏರಿಸಿದಳು. ಕಂಡಕ್ಟರು, "ಏನವ್ವ, ತೋಟನೇ ಹೊತ್ಕಂಡು ಹೊಂಟೀಯ? ಅದಕ್ಕೂ ಟಿಕೆಟ್ ತಗಳವ್ವ!" ಎಲ್ಲಾ ನಕ್ಕರು. ಅಂಜಲೀನೂ.

22-8

ಅತ್ತೆ ಫೋನು. ಅಂಜಲಿಗೆ ಫಿಟ್ಸ್. ಕೈಕಾಲು ಸೆಟೆದು, ಬಾಯಲ್ಲಿ ನೊರೆ... ಅತ್ತೆ ಅಳ್ತಾಳೆ — ದಿನಾ ದಂಟಿನ ಸೊಪ್ಪು ತಿನ್ಸಿದೆ, ಏನೂ ಕಮ್ಮಿ ಮಾಡ್ಲಿಲ್ಲ ಅಂತ.

"ಹೊಗೆ ಇಲ್ದಿರೋ ಕಡೇನೂ ಬಂತಲ್ಲ. ಆ ಡಾಕ್ಟರಿಗೆ ಏನ್ ಗೊತ್ತು? ಮನೆಗೇ ಕರ್ಕಂಡು ಬರಾಣ" ಅಂದ ಅಪ್ಪ.

2-9

ಲಾರಿ. ಲಕ್ಷ್ಮೀಕಾಂತ್ ಸರ್ ಮುಖ ಗಂಟು. "ಏನಮ್ಮ ಹೇಮಾವತಿ, ಪೆಟ್ಟಿಗೆ ಸರಿಯಾಗಿ ತೊಳಿ. ಸಂದೀಲಿ ಸೀಸದ ಪುಡಿ ಕೂತಿರ್ತೈತೆ, ಒಂದು ನೀರಿಗೆ ಹೋಗಲ್ಲ. ಹೊಸ ಬ್ಯಾಟರಿ ಕೆಡ್ತವೆ."

ಸೀಳಿದ ಪೆಟ್ಟಿಗೆ ನಾವು ತೊಳೆಯೋದೇ ಇಲ್ಲ. ವಾಪಸ್ ಹೋಗದ್ದಕ್ಕೆ ನೀರು ಯಾಕೆ ಅಂತ ಹಾಗೇ ಮಣ್ಣು ತುಂಬ್ತೀವಿ.

"ಸರ್... ಅದರಲ್ಲಿ ಬೆಳೆದದ್ದು ತಿಂದ್ರೆ?"

ನಾನು ಅಷ್ಟು ಜೋರಾಗಿ ಯಾವತ್ತೂ ಮಾತಾಡಿಲ್ಲ. ಸರ್ ಗೋಡೆ ಕಡೆ ನೋಡಿದ್ರು. ದಂಟು ಮೊಣಕಾಲುದ್ದ. ಲಾರಿ ಹತ್ತಿದ್ರು.

3-9, ಬೆಳಗ್ಗೆ

ಅಂಜಲಿ ಮನೆಗೆ ಬಂದು ವಾರ. ಸ್ಲೇಟಿನ ಮೇಲೆ 'ಅ' ತೋರಿಸಿದ್ರೆ ಅಕ್ಷರ ಬಿಟ್ಟು ನನ್ನ ಬೆರಳು ನೋಡ್ತಾಳೆ.

ರಾತ್ರಿ ಅವ್ವನಿಗೆ ಹೇಳಿದೆ, ಸೀಸ ದಂಟಿನಲ್ಲೂ ಇರ್ಬೇಕು ಅಂತ. ಬಾಯಿಗೆ ಸೆರಗು ಒತ್ಕೊಂಡು ಕುಂತಳು. "ನಾನೇ ಕಲಸಿ ತಿನ್ಸಿದ್ನಲ್ಲೇ..."

ಬೆಳಗ್ಗೆ ಎದ್ದು ದಂಟು ಎಲ್ಲಾ ಕಿತ್ತೆ. ಪೆಟ್ಟಿಗೆ ಮಣ್ಣು ಬುಟ್ಟಿಗೆ ಸುರಿದೆ. ಹಿತ್ತಲಲ್ಲಿ ಬಾವಿ. ಬೇಲಿ ಆಚೆ ಗೋವಿಂದಪ್ಪನ ಕುರಿ ಮೇಯ್ತಿದ್ವು. ಬುಟ್ಟಿ ಹೊತ್ಕೊಂಡು ಬಾಗಿಲಲ್ಲೇ ನಿಂತೆ. ಎಲ್ಲಿ ಸುರಿಯೋದು...