ಮುಂದಿನ ಕಂತು

ಕೋಚ್ ಸರ್, ನಮಸ್ಕಾರ.

ಫುಟ್‌ಬಾಲ್ ಜೊತೆ ಬದುಕಿನ ಪಾಠವೂ ಇರಲಿ ಎಂದು ಹುಡುಗಿಯರಿಗೆ ಹದಿಹರೆಯದವರ ಆ ಹಳೆಯ ಹಾಸ್ಯ ಧಾರಾವಾಹಿ ತೋರಿಸುತ್ತಿದ್ದೀರಿ, ಸಂತೋಷ. ಹೋದ ವಾರದ ಕಂತಿನಲ್ಲಿ ನಾಯಕಿ ಕಾಲು ಉಳುಕಿತೆಂದು ಸುಳ್ಳು ಹೇಳಿ, ಫೈನಲ್‌ನಲ್ಲಿ ತನ್ನ ಜಾಗವನ್ನು ಗೆಳತಿಗೆ ಬಿಟ್ಟುಕೊಟ್ಟಳಂತೆ.

ನಿನ್ನೆಯಿಂದ ನನ್ನ ಮಗಳಿಗೂ ಕಾಲು ಉಳುಕಿದೆ. ಬೆಳಿಗ್ಗೆ ಎಡಗಾಲಿನಲ್ಲಿ ಕುಂಟಿದಳು, ಸಂಜೆ ಬಲಗಾಲಿನಲ್ಲಿ. ಕೇಳಿದರೆ, "ನೋವು ಓಡಾಡುತ್ತಮ್ಮಾ," ಅನ್ನುತ್ತಾಳೆ. ಬರುವ ಪಂದ್ಯದಲ್ಲಿ ಅವಳ ಬದಲು ಗೋಲು ಕಾಯುವವಳು ನಿಮ್ಮ ಮಗಳೇ ಎಂದು ಈಗಷ್ಟೇ ತಿಳಿಯಿತು. ನಾನು ಯಾರ ಕಡೆಗೂ ಬೆರಳು ಮಾಡುತ್ತಿಲ್ಲ.

ಆ ಧಾರಾವಾಹಿ ನೋಡಿಯೇ ನಾನೂ ಬೆಳೆದವಳು. ಮುಂದಿನ ಕಂತಿನಲ್ಲಿ ಗೆಳತಿಗೆ ನಿಜ ತಿಳಿದು, ಜಾಗ ವಾಪಸು ಕೊಡುತ್ತಾಳೆ. ದಯವಿಟ್ಟು ಅದನ್ನು ಪಂದ್ಯಕ್ಕೆ ಮೊದಲೇ ತೋರಿಸಿ. ಗ್ಲೌಸ್ ಒಗೆದು ಕಳಿಸಿದ್ದೇನೆ. ಅಳತೆ ನನ್ನ ಮಗಳದು.

ಇತಿ,
ನಿಮ್ಮ ಗೋಲ್‌ಕೀಪರ್‌ನ ಅಮ್ಮ