ಕುಂಭಾರಿಯ ನಡೆಮಡಿ

೯ ಜನವರಿ ೧೯೩೫, ಅಕ್ಕಲಕೋಟೆ

ಟಪಾಲು ಬಂತು. ಮುಂಬಯಿಯ ವಿಮಾನ ಕಂಪನಿಯದೂ ಅದೇ ರಾಗ. ಅನುಭವ ಸಾಲದು. ಹಾರಿದರೆ ಅನುಭವ ಬರುತ್ತದೆ, ಅನುಭವ ಇದ್ದರೆ ಹಾರಲು ಬಿಡುತ್ತಾರೆ. ಹಾಗಾದರೆ ಶುರು ಎಲ್ಲಿಂದ ಮಾಡಬೇಕು ಎಂದು ಒಬ್ಬನೂ ಬರೆಯುವುದಿಲ್ಲ.

ಬಿ ಲೈಸೆನ್ಸ್ ಕಿಸೆಯಲ್ಲಿದೆ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ವಿಮಾನ ಹಾರಿಸುವ ಅಧಿಕಾರ! ಏಪ್ರಿಲ್‌ನೊಳಗೆ ಇನ್ನಷ್ಟು ಹಾರದಿದ್ದರೆ ಅದೂ ರದ್ದು. ಊಟಕ್ಕೆ ಕೂತಾಗ ಅಪ್ಪ ಹೇಳಿದ, "ಯುಗಾದಿ ಪಾಡ್ಯದ ತನಕ ನೋಡು. ಆಮ್ಯಾಲ ಮುಗಲು ಸಾಕು, ಹೊಲ ನೋಡ್ಕೋ."

ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಹಸಿವಿರಲಿಲ್ಲ. ತಿಂದೆ.

೧೬ ಜನವರಿ, ಸೊಲ್ಲಾಪುರ

ಕೊನೆಗೂ ಒಂದು ದಾರಿ. ಇಲ್ಲಿಯ ಅರಿವೆ ವ್ಯಾಪಾರಿ ಸಾತಲಿಂಗಪ್ಪ ಸಾವಕಾರರು ಹಳೆಯ ಮಾಥ್ ವಿಮಾನ ಕೊಂಡಿದ್ದಾರೆ. ಎರಡೇ ಸೀಟು — ಗಿರಾಕಿ ಮುಂದೆ, ಪೈಲಟ್ ಹಿಂದೆ. ಊರೂರಿಗೆ ಹೋಗಿ ಜನರನ್ನು ಮೇಲೆ ಒಂದು ಸುತ್ತು ಹಾಕಿಸುವ ದಂಧೆ. ಪೈಲಟ್ ಒಬ್ಬನೇ ಬೇಕು. ಬಂದಿರುವವರು ಇಬ್ಬರು. ನಾನು, ಪೂನಾದ ದೇವಧರ.

ವಿಮಾನ ತಂದುಕೊಟ್ಟ ಕ್ಯಾಪ್ಟನ್ ಮರ್ಸರ್ ಪರೀಕ್ಷೆ ಮಾಡುತ್ತಾನೆ. ಶನಿವಾರ ಅವನನ್ನು ಮುಂದೆ ಕೂರಿಸಿಕೊಂಡು ಇಲ್ಲಿಂದ ಹಾರಿ ಅಕ್ಕಲಕೋಟೆ ರಸ್ತೆಯ ಕುಂಭಾರಿ ಹಳ್ಳಿಯಲ್ಲಿ ಇಳಿಯಬೇಕು. ಮೊದಲು ನಾನು. ಇಳಿಯುವುದು ಕಲ್ಲಣ್ಣ ಮಾವನ ಹೊಲದಲ್ಲಿ — ನಾನೇ ತೋರಿಸಿದ್ದು. ನನ್ನ ಸೋದರಮಾವನ ನೆಲ, ಬದು ಬದು ಗೊತ್ತು. ದೇವಧರನ ಮುಖ ಸಣ್ಣದಾಯಿತು. ಖುಷಿಯಾಯಿತು, ಸುಳ್ಳೇಕೆ.

೧೮ ಜನವರಿ, ಸಂಜೆ

ಕುಂಭಾರಿಗೆ ಹೋಗಿ ಬಂದೆ. ಮೇಲಿನಿಂದ ಕಾಣಲೆಂದು ಕ್ಯಾಪ್ಟನ್ ಗೊತ್ತುಮಾಡಿದ ಗುರುತು ಮಾವನಿಗೆ ಹೇಳಿಕೊಟ್ಟೆ. ನೆಲ ಚೆನ್ನಾಗಿದ್ದರೆ ಒಂದು ಉದ್ದನೆಯ ಬಿಳಿ ಬಟ್ಟೆ, ಗಾಳಿ ಬೀಸುವ ಕಡೆಗೆ. ನೆಲ ಕೆಟ್ಟಿದ್ದರೆ ಎರಡು ಬಟ್ಟೆ, ಒಂದರ ಮೇಲೊಂದು ಅಡ್ಡ.

"ಒಂದು ಬಟ್ಟಿ ಅಂದರ ಬಾ. ಎರಡು ಅಂದರ ಬರಬ್ಯಾಡ," ಮಾವ ಪಾಠ ಒಪ್ಪಿಸಿದ. "ಇಷ್ಟು ತಿಳೀಲಾರದಷ್ಟು ದಡ್ಡ ಅದೀನೇನೋ ಶಾಂತು?"

ವಾಪಸು ಬರುವಾಗ ಹನಿ ಶುರುವಾಯಿತು. ಮಾಘ ಬರುವ ಹೊತ್ತಿಗೆ ಮಳೆ! ಮಾವನದು ಎರೆ ನೆಲ. ನೆನೆದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ, ವಿಮಾನ ಮೂಗು ಮುಂದಾಗಿ ಮಗುಚುತ್ತದೆ. ಈಗಲೂ ಹನಿಯುತ್ತಿದೆ. ಕುಂಭಾರಿಯಲ್ಲಿ ಹೇಗಿದೆಯೋ...

೧೯ ಜನವರಿ, ಶನಿವಾರ

ಆದದ್ದನ್ನೆಲ್ಲ ಈಗಲೇ ಬರೆದುಬಿಡುತ್ತೇನೆ.

ಏರಿದ್ದು ಚೆನ್ನಾಗಿತ್ತು. ಕ್ಯಾಪ್ಟನ್ ತಿರುಗಿ ಕೂಡ ನೋಡಲಿಲ್ಲ, ಅದೇ ಮೆಚ್ಚುಗೆ. ಅಕ್ಕಲಕೋಟೆ ರಸ್ತೆ ಹಿಡಿದು ಹೊರಟೆ. ಕುಂಭಾರಿ ಬಂತು. ಹೊಲದ ಅಂಚಿನಲ್ಲಿ ಊರಿಗೆ ಊರೇ. ಸಾವಕಾರರ ಕರಿ ಮೋಟಾರು. ನಡುವೆ ಬಿಳಿ ಬಟ್ಟೆ.

ಎರಡು. ಒಂದರ ಮೇಲೊಂದು ಅಡ್ಡ.

ಸುತ್ತು ಹಾಕಿದೆ. ಕೆಳಗಿಳಿದು ನೋಡಿದೆ. ಅಡ್ಡ ಬಿದ್ದದ್ದು ತುಂಬ ಉದ್ದ, ಮೋಟಾರಿನ ತನಕ. ಅದರ ಎರಡೂ ಬದಿಗೆ ಜನ ಸಾಲಾಗಿ ನಿಂತಿದ್ದಾರೆ. ಹಲಗೆ ಬಾರಿಸುವವರು ಕಂಡರು. ತಟ್ಟನೆ ಹೊಳೆಯಿತು — ಇದು ನಡೆಮಡಿ! ಸ್ವಾಮಿಗಳು ಊರಿಗೆ ಬಂದಾಗ ಅವರ ಪಾದ ಮಣ್ಣಿಗೆ ತಾಗಬಾರದೆಂದು ಅಗಸರು ದಾರಿಗೆ ಹಾಸುವ ಮಡಿ ಬಟ್ಟೆ.

ಇರಬಹುದು. ಇಲ್ಲದೆಯೂ ಇರಬಹುದು. ನಿನ್ನೆ ಮಳೆ ಬಿದ್ದಿದೆ. ಎರೆ ನೆಲ ಮೇಲಿನಿಂದ ಹಸಿಯೋ ಒಣವೋ ತಿಳಿಯುವುದಿಲ್ಲ, ಯಾವಾಗಲೂ ಕಪ್ಪೇ. ಮಾವ ನಿಜವಾಗಿಯೂ ಬೇಡ ಅನ್ನುತ್ತಿದ್ದರೆ? ಜನ ಕೈಬೀಸುತ್ತಿದ್ದರು. ಬಾ ಎಂದೋ, ಹೋಗು ಎಂದೋ. ಕ್ಯಾಪ್ಟನ್ ಅಲುಗಾಡಲಿಲ್ಲ.

ಇನ್ನೊಂದು ಸುತ್ತು. ಇಂಜಿನ್ ಜೋರು ಮಾಡಿದೆ. ಸೊಲ್ಲಾಪುರಕ್ಕೆ ತಿರುಗಿದೆ.

ಹಿಂದೆಯೇ ಸಾವಕಾರರ ಮೋಟಾರು ಬಂತು. "ಊರ ಮುಂದ ನನ್ನ ಮಾನ ಕಳದಿ! ಹೆಣ್ಣಮಕ್ಕಳು ಆರತಿ ಹಿಡಕೊಂಡು ನಿಂತಿದ್ರು. ಇಂಥಾ ಅಂಜುಬುರಕ ಯಾಕ ಬೇಕು ನನಗ?"

ನಡೆಮಡಿಯೇ ಅದು. ಮುಗಿಲಿನಿಂದ ಇಳಿದು ಬರುವ ವಾಹನ ಬರಿ ಮಣ್ಣು ತುಳಿಯಬಾರದು ಎಂದು ಅಗಸರ ಮರೆಪ್ಪ, ಮಾವ ಹಾಸಿದ್ದ ಬಟ್ಟೆಗೆ ಅಡ್ಡವಾಗಿ ಹಾಸಿದ್ದಾನೆ. ಕುಂಭಾರಿಗೆ ಒಂದು ಹನಿ ಕೂಡ ಬಿದ್ದಿರಲಿಲ್ಲ.

ಕ್ಯಾಪ್ಟನ್ ನನ್ನನ್ನು ಬದಿಗೆ ಕರೆದ. ನೀನು ಮಾಡಿದ್ದು ಸರಿ, ಆದರೆ ವಿಮಾನ ಸಾವಕಾರರದು ಎಂದ. ಅಷ್ಟೇ. ಮಧ್ಯಾಹ್ನ ನಡೆಮಡಿ ತೆಗೆಸಿದರು. ದೇವಧರ ಹೋದ, ಹೂವಿನಂತೆ ಇಳಿದ. ಅವನಿಗೆ ಹಾರ ಹಾಕಿದರಂತೆ, ನೌಕರಿಯೂ ಅವನಿಗೇ.

೨೦ ಜನವರಿ, ಅಕ್ಕಲಕೋಟೆ

ಮಾವ ಬಂದಿದ್ದ. ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ. "ಎರಡನೇ ಬಟ್ಟಿ ಅಂತ ನನಗ ಹೊಳೀಲೇ ಇಲ್ಲೋ ಶಾಂತು. ಅದು ನಡೆಮಡಿ. ಅದನ್ನ ಬಟ್ಟಿ ಅಂತ ಯಾರು ಎಣಸ್ತಾರ? ಮತ್ತ ಹಾಸಿದ್ದನ್ನ ತಗೀರಿ ಅಂತ ಯಾವ ಬಾಯಿಲೆ ಹೇಳಲಿ?"

ಬಾಯಿಗೆ ಬಂದಂತೆ ಬೈದೆ. ಊಟ ಮಾಡದೆ ಎದ್ದು ಹೋದ. ಅವ್ವ ನನ್ನೊಂದಿಗೆ ಮಾತಾಡುತ್ತಿಲ್ಲ. ಅವಳ ತಮ್ಮ. ನನ್ನ ಸಿಟ್ಟೂ ಇಳಿದಿಲ್ಲ, ಅವನ ಮೇಲಲ್ಲ, ಯಾರ ಮೇಲೆ ಗೊತ್ತಿಲ್ಲ.

೩೧ ಜನವರಿ

ಸುದ್ದಿ — ದೇವಧರ ಇನ್ನೂ ಒಬ್ಬ ಗಿರಾಕಿಯನ್ನೂ ಹಾರಿಸಿಲ್ಲ. ಸಾವಕಾರರ ತಾಯಿ ಸಾವಿತ್ರಿಬಾಯಿ ಮೊದಲು ಕೂರಬೇಕು, ಆಮೇಲೆ ಊರು. ಆಕೆ ಇವತ್ತು ಬೇಡ, ನಾಳೆ ಬೇಡ ಅನ್ನುತ್ತಿದ್ದಾರಂತೆ. ನನಗೇನು. ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋಗಿದ್ದೆ.

೪ ಫೆಬ್ರವರಿ, ಸೊಲ್ಲಾಪುರ

ಸಾವಕಾರರ ಮನೆಯಿಂದ ಕರೆ. ಹೋದೆ. ಮಗ ಗಾದಿಯ ಮೇಲೆ, ತಾಯಿ ಕಂಬಕ್ಕೆ ಒರಗಿ.

"ನಡೆಮಡಿ ಹಾಸಿಸಿದಾಕಿ ನಾ," ಎಂದರು ಆಕೆ. "ಮ್ಯಾಲಿಂದ ನಿನಗ ಗೊತ್ತಾಗಲಿಲ್ಲೇನಪಾ?"

"ಅದ ಇರಬೇಕು ಅನಿಸಿತ್ರಿ ಆಯಿ."

"ಮತ್ತ್ಯಾಕ ಇಳೀಲಿಲ್ಲ?"

"ಖಾತ್ರಿ ಇರಲಿಲ್ರಿ. ಮುಂದಿನ ಸೀಟಿನ್ಯಾಗ ಒಬ್ಬಾಂವ ಕುಂತಿದ್ದ."

ಆಕೆ ಮಗನ ಕಡೆ ತಿರುಗಿದರು. "ಕೇಳಿದೇನು? ನಾ ಕುಂತರ ಇವನ ಮುಂದ ಕುಂದರತೀನಿ. ಇಲ್ಲಂದ್ರ ಇಲ್ಲ."

"ದೇವಧರಗ ಮಾತು ಕೊಟ್ಟೀನವ್ವ."

"ನನ್ನ ಕೇಳಿ ಕೊಟ್ಟೇನು? ನಾ ಹತ್ತಲಿಲ್ಲಂದ್ರ ನಮ್ಮ ಪ್ಯಾಟ್ಯಾಗಿನ ಒಬ್ಬಾಕಿನೂ ಹತ್ತೂದಿಲ್ಲ, ನೋಡ್ಕೋ."

ಸಾವಕಾರರು ಮುಖ ಗಂಟಿಕ್ಕಿ ಒಪ್ಪಿದರು. ಒಂದೇ ಅವಕಾಶ. ಗುರುವಾರ ಕುಂಭಾರಿಯಿಂದ ತಾಯಿಯನ್ನು ಹಾರಿಸಿ ಇಳಿಸಿದರೆ ನೌಕರಿ ನನಗೆ. ಇಲ್ಲವಾದರೆ ದೇವಧರನಿಗೆ. ಅವನ ತಪ್ಪೇನೂ ಇಲ್ಲ, ಅದು ಚುಚ್ಚುತ್ತದೆ. ಆದರೂ ಬಿಟ್ಟುಕೊಡಲಾರೆ.

೭ ಫೆಬ್ರವರಿ, ಗುರುವಾರ, ಕುಂಭಾರಿ

ನಸುಕಿನಲ್ಲಿ ಹಾರಿ ಬಂದು ಇಳಿದೆ. ಒಂದೇ ಬಟ್ಟೆ. ಮಾವ ಅದರ ಕಾವಲಿಗೇ ಕೂತಿದ್ದ. ನನ್ನ ಕೈ ಹಿಡಿದುಕೊಂಡ, ನಾನೂ ಬಿಡಲಿಲ್ಲ.

ಸಾವಕಾರರ ಮೋಟಾರು ಬರುವ ಹೊತ್ತಿಗೆ ಗಾಳಿ ಎದ್ದಿದೆ. ಒಂದು ಕಡೆಯಿಂದಲ್ಲ. ಹೊಲದ ತುಂಬ ಸುಂಟರಗಾಳಿಯ ಧೂಳು. ಆಯಿ ಸೆರಗು ಬಿಗಿದು ಮುಂದಿನ ಸೀಟಿನಲ್ಲಿ ಕೂತಾಗಿದೆ. ಆರತಿ ಆಗಿದೆ. ಊರೆಲ್ಲ ನೋಡುತ್ತಿದೆ. ನಾನು ಇಳಿದು ಹೋಗಿ ಸಾವಕಾರರಿಗೆ ಹೇಳಿದೆ: ಈಗ ಆಗುವುದಿಲ್ಲ.

"ಮತ್ತ ಅದ ಹಾಡೇನು?" ಸಾವಕಾರರು ಗಡಿಯಾರ ತೆಗೆದರು. "ಇವತ್ತ ಹಾರಲಿಲ್ಲಂದ್ರ ನೌಕರಿ ಇಲ್ಲ. ತಿಳೀತಿಲ್ಲೋ?"

"ತಿಳೀತ್ರಿ. ಗಾಳಿ ನಿಲ್ಲೂತನಕ ಹಾರಸೂದಿಲ್ರಿ."

ನನ್ನ ದನಿ ನನಗೇ ಕೇಳಿಸಲಿಲ್ಲ. ಆಯಿಗೆ ಕೇಳಿಸಿತು. "ಇಳಸಪಾ ನನ್ನ," ಎಂದರು. ಕೈ ಕೊಟ್ಟೆ. ರೆಕ್ಕೆಯ ನೆರಳಿನಲ್ಲಿ ನೆಲದ ಮೇಲೆಯೇ ಕೂತು ಎಲೆಯಡಿಕೆ ಚೀಲ ಬಿಚ್ಚಿದರು. "ಹುಡುಗ ಹೇಳಿದ್ದು ಕೇಳಿಸ್ತಿಲ್ಲೋ? ಕುಂದರ್ರಿ ಎಲ್ಲಾರೂ."

ಹೆಂಗಸರು ಆರತಿ ತಾಟು ಕೆಳಗಿಟ್ಟು ಕೂತರು. ಹಲಗೆಯವರು ಕೂತರು. ಮಾವ ಕೂತ. ನಾನು ಸೀಟಿನಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಕಣ್ಣು ಧೂಳಿನ ಮೇಲೆ. ಇಡೀ ಹೊಲದಲ್ಲಿ ನಿಂತಿರುವವರು ಸಾವಕಾರರು ಒಬ್ಬರೇ. ನನ್ನನ್ನು ನೋಡಿದರು. ತಾಯಿಯನ್ನು ನೋಡಿದರು. ಗಡಿಯಾರ ಕಿಸೆಗೆ ಹಾಕಿದರು. ಈಗ ಅವರೂ ಧೋತರ ಎತ್ತಿ ಹಿಡಿದು, ಮೆಲ್ಲಗೆ ಆಯಿಯ ಪಕ್ಕ ಕೂರುತ್ತಿದ್ದಾರೆ.